ಮಿಷನ್ನಿನ ಒಂದು ಅಂಕಿ ಬದಲಿಸುವ ಮುನ್ನ ರೋಗಿಯನ್ನು ಕೇಳಿ: ಮೈಸೂರು, ಮಂಡ್ಯದ ನೈತಿಕ ಸಮಿತಿಗಳಿಗೊಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ವೈದ್ಯಕೀಯ ಕಾಲೇಜು ಹಾಗೂ ಆಸ್ಪತ್ರೆಗಳ ನೈತಿಕ ಸಮಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ. ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೆ,

ಡಯಾಲಿಸಿಸ್ ಕೇಂದ್ರಗಳಲ್ಲಿ ಸಂಶೋಧನೆ ನಡೆಸಲು ಅನುಮತಿ ಕೇಳುವ ಅರ್ಜಿಗಳಲ್ಲಿ ಒಂದು ಬಗೆಯದು ನೋಡಲು ತೀರಾ ಸಾಧುವಾಗಿರುತ್ತದೆ. ಅದರಲ್ಲಿ ಹೊಸ ಮಾತ್ರೆ ಇರುವುದಿಲ್ಲ, ಹೊಸ ಇಂಜೆಕ್ಷನ್ ಇರುವುದಿಲ್ಲ. ಡಯಾಲಿಸಿಸ್ ದ್ರಾವಣದ ಸೋಡಿಯಂ ಅನ್ನು ಲೀಟರಿಗೆ 140 ಮಿಲಿಮೋಲ್‌ನಿಂದ 137ಕ್ಕೆ ಇಳಿಸುತ್ತೇವೆ ಎಂದೋ, ದ್ರಾವಣದ ಉಷ್ಣಾಂಶವನ್ನು ಅರ್ಧ ಡಿಗ್ರಿ ತಗ್ಗಿಸುತ್ತೇವೆ ಎಂದೋ, ನಾಲ್ಕು ಗಂಟೆಯ ಸರದಿಯನ್ನು ನಾಲ್ಕೂಕಾಲು ಗಂಟೆ ಮಾಡುತ್ತೇವೆ ಎಂದೋ ಬರೆದಿರುತ್ತದೆ. ಯಾವ ಕೇಂದ್ರಕ್ಕೆ ಯಾವ ಕ್ರಮ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ಆ ಕೇಂದ್ರಕ್ಕೆ ಬರುವ ಎಲ್ಲರಿಗೂ ಅದೇ ಕ್ರಮ. ಅರ್ಜಿಯ ಕೊನೆಯಲ್ಲೊಂದು ವಾಕ್ಯ: ಇವೆರಡೂ ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸಾಕ್ರಮಗಳೇ ಆದ್ದರಿಂದ ಅಪಾಯ ಕನಿಷ್ಠ, ಪ್ರತಿ ರೋಗಿಯ ಒಪ್ಪಿಗೆಯಿಂದ ವಿನಾಯಿತಿ ಕೊಡಬೇಕು, ಕೇಂದ್ರದ ಮುಖ್ಯಸ್ಥರ ಅನುಮತಿ ಸಾಕು.

ಈ ಕೊನೆಯ ವಾಕ್ಯಕ್ಕೆ ನೀವು ಸುಲಭವಾಗಿ ಒಪ್ಪಬಾರದು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ನಾವು ಡಯಾಲಿಸಿಸ್ ವಿಭಾಗಗಳಲ್ಲಿ ಕೆಲಸ ಮಾಡುವ ವೈದ್ಯರು, ದಾದಿಯರು, ಟೆಕ್ನಿಷಿಯನ್‌ಗಳು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಟ್ರಯಲ್‌ಗಳು ಬೇಡ ಎನ್ನುವವರು ನಾವಲ್ಲ. ಇನ್ನೂ ಹೆಚ್ಚು ಬೇಕು ಎನ್ನುವವರು. ಡಯಾಲಿಸಿಸ್‌ನಲ್ಲಿ ನಂಬಿಕೆಯ ಮೇಲೆ ನಡೆದುಬಂದ ಸಂಗತಿಗಳು ಪರೀಕ್ಷೆಗೆ ಒಡ್ಡಿದಾಗ ಎಷ್ಟೋ ಸಲ ಬಿದ್ದುಹೋಗಿವೆ. ರಕ್ತಹೀನತೆಯನ್ನು ಪೂರ್ತಿ ಸರಿಪಡಿಸಿದರೆ ಹೃದಯಕ್ಕೆ ಒಳ್ಳೆಯದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅಮೆರಿಕದಲ್ಲಿ ಹೃದ್ರೋಗವೂ ಇದ್ದ 1,233 ಡಯಾಲಿಸಿಸ್ ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಕೊಟ್ಟು ಒಂದು ಗುಂಪಿನ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಅನ್ನು 42ಕ್ಕೆ ಏರಿಸಿದರು, ಇನ್ನೊಂದನ್ನು 30ರಲ್ಲಿ ಇಟ್ಟರು. ಏರಿಸಿದ ಗುಂಪಿನಲ್ಲಿ ಸಾವು, ಹೃದಯಾಘಾತ ಹೆಚ್ಚು ಕಂಡು ಅಧ್ಯಯನವನ್ನು ನಡುವಿನಲ್ಲೇ ನಿಲ್ಲಿಸಬೇಕಾಯಿತು. ರಕ್ತ ತೆಗೆಯುವ ನಾಳಗಳು ಹೆಪ್ಪುಗಟ್ಟಿದ್ದೂ ಆ ಗುಂಪಿನಲ್ಲೇ ಹೆಚ್ಚು. 1998ರಲ್ಲಿ ಪ್ರಕಟವಾದ ಆ ಫಲಿತಾಂಶ ಇಲ್ಲದಿದ್ದರೆ ಇವತ್ತೂ ನಾವು ಹಿಮೋಗ್ಲೋಬಿನ್ 14ಕ್ಕೆ ಏರಿಸಲು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಿದ್ದೆವು. ಜರ್ಮನಿಯಲ್ಲಿ 1,255 ಮಧುಮೇಹಿ ಡಯಾಲಿಸಿಸ್ ರೋಗಿಗಳಿಗೆ ಕೊಲೆಸ್ಟರಾಲ್ ಇಳಿಸುವ ಅಟೋರ್ವಸ್ಟಾಟಿನ್ ಕೊಟ್ಟು ನೋಡಿದ ಅಧ್ಯಯನ 2005ರಲ್ಲಿ ಬಂತು. ಕೊಲೆಸ್ಟರಾಲ್ ಇಳಿಯಿತು, ಆದರೆ ಹೃದಯದ ಸಾವು, ಹೃದಯಾಘಾತ, ಪಾರ್ಶ್ವವಾಯು ಒಟ್ಟಾರೆ ಗಣನೀಯವಾಗಿ ಕಡಿಮೆಯಾಗಲಿಲ್ಲ. ಕಿಡ್ನಿ ಸರಿ ಇರುವವರಲ್ಲಿ ಕೆಲಸ ಮಾಡಿದ್ದು ಡಯಾಲಿಸಿಸ್‌ನವರಲ್ಲಿ ಕೆಲಸ ಮಾಡುತ್ತದೆ ಎಂದು ಊಹಿಸುವಂತಿಲ್ಲ.

ನಮ್ಮಲ್ಲಂತೂ ಕೇಳಬೇಕಾದ ಪ್ರಶ್ನೆಗಳು ರಾಶಿ ಬಿದ್ದಿವೆ. ಜಗತ್ತಿನ ದೊಡ್ಡ ಅಧ್ಯಯನಗಳು ಬಹುಪಾಲು ವಾರಕ್ಕೆ ಮೂರು ಸರದಿ ತೆಗೆದುಕೊಳ್ಳುವವರ ಮೇಲೆ ನಡೆದಿವೆ. ನಮ್ಮ ತಾಲೂಕು ಕೇಂದ್ರಗಳಿಗೆ ಬರುವವರಲ್ಲಿ ವಾರಕ್ಕೆ ಎರಡೇ ಸಲ ಬರುವವರು ಬಹಳ. ಮಿಷನ್ ಕಡಿಮೆ, ದಾರಿ ದೂರ, ಜೊತೆಗೆ ಬರುವವರಿಗೆ ಕೂಲಿ ಖೋತಾ. ಎರಡು ಸರದಿಯವರಿಗೆ ಎಷ್ಟು ಹೊತ್ತು, ಎಷ್ಟು ಸೋಡಿಯಂ, ಎಷ್ಟು ಪೊಟ್ಯಾಸಿಯಂ ಸರಿ ಎಂಬುದಕ್ಕೆ ಬೇರೆ ದೇಶದ ಪುಸ್ತಕದಲ್ಲಿ ಉತ್ತರ ಹುಡುಕಿದರೆ ಸಿಗುವುದು ಕಡಿಮೆ. ಇಲ್ಲಿಯೇ ಅಧ್ಯಯನ ಮಾಡಬೇಕು. ಹಾಗೆ ಮಾಡುವಾಗ ಇಲ್ಲಿಯವರ ಅಸಹಾಯಕತೆಯೇ ಸಂಶೋಧಕರ ಅನುಕೂಲವಾಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.

ಒಂದು ಅಂಕಿ ಬದಲಾದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಸಮಿತಿಯಲ್ಲಿರುವ ವಕೀಲರಿಗೂ ಸಾಮಾನ್ಯ ಸದಸ್ಯರಿಗೂ ತಿಳಿಯುವಂತೆ ಹೇಳುತ್ತೇವೆ. ದ್ರಾವಣ ನಿಮಿಷಕ್ಕೆ 500 ಮಿ.ಲೀ. ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಅಷ್ಟು ದ್ರಾವಣ ತೆಳುವಾದ ಪೊರೆಯ ಆಚೆ ನಿಂತು ರೋಗಿಯ ರಕ್ತವನ್ನು ತನ್ನ ಹಾಗೆ ಮಾಡಿಕೊಳ್ಳಲು ನೋಡುತ್ತದೆ. ಸೋಡಿಯಂ ಇಳಿಸಿದರೆ ಮನೆಗೆ ಹೋದ ಮೇಲೆ ಬಾಯಾರಿಕೆ ಕಡಿಮೆಯಾಗಬಹುದು, ಎರಡು ಸರದಿಗಳ ನಡುವೆ ತೂಕ ಕಡಿಮೆ ಏರಬಹುದು, ಬಿ.ಪಿ. ಹತೋಟಿಗೆ ಬರಬಹುದು. ಅದೇ ಹೊತ್ತಿನಲ್ಲಿ ಮಿಷನ್ ಮೇಲಿರುವಾಗ ಬಿ.ಪಿ. ದಿಢೀರನೆ ಬಿದ್ದು, ಮೀನಖಂಡ ಹಿಡಿದು, ಕಣ್ಣು ಕತ್ತಲೆ ಕಟ್ಟಬಹುದು. ಎರಡರಲ್ಲಿ ಯಾವುದು ಮೇಲಾಗುತ್ತದೆ ಎಂದು ಗೊತ್ತಿಲ್ಲದ್ದರಿಂದಲೇ ಅಧ್ಯಯನ ಮಾಡುತ್ತಾರೆ. ಗೊತ್ತಿಲ್ಲ ಎಂದು ಒಂದು ಪುಟದಲ್ಲಿ ಬರೆದು, ಅಪಾಯ ಕನಿಷ್ಠ ಎಂದು ಇನ್ನೊಂದು ಪುಟದಲ್ಲಿ ಬರೆದರೆ ಎರಡೂ ಹೇಗೆ ನಿಜವಾಗುತ್ತವೆ?

ಸಮಯದ ಲೆಕ್ಕವೂ ಹಾಗೆಯೇ. 50 ಕೆ.ಜಿ. ಒಣ ತೂಕದ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಒಬ್ಬರು ಮೂರು ಲೀಟರ್ ನೀರು ತುಂಬಿಕೊಂಡು ಬರುತ್ತಾರೆ ಎನ್ನಿ. ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ತೆಗೆದರೆ ಪ್ರತಿ ಕೆ.ಜಿ.ಗೆ ಗಂಟೆಗೆ 15 ಮಿ.ಲೀ. ಆಯಿತು. 13ರ ಮೇಲೆ ಹೋದವರಲ್ಲಿ ಹೃದಯಕ್ಕೆ ಪೆಟ್ಟು, ಸಾವು ಹೆಚ್ಚು ಕಂಡಿರುವುದರಿಂದ ಕಾಪಿಟ್ಟುಕೊಳ್ಳುವ ಮಿತಿ 13. 13ರೊಳಗೆ ಇರಬೇಕೆಂದರೆ ಅವರಿಗೆ 4 ಗಂಟೆ 37 ನಿಮಿಷ ಬೇಕು. ಕರೆಂಟ್ ಹೋಗಿ, ಆರ್‌.ಒ. ಪ್ಲಾಂಟ್ ನಿಂತು, ಮುಂದಿನ ಷಿಫ್ಟಿನವರು ಬಾಗಿಲಲ್ಲಿ ಕಾಯುತ್ತಿದ್ದಾರೆಂದು ಮೂರೂವರೆ ಗಂಟೆಗೇ ಇಳಿಸಿದರೆ ದರ 17 ದಾಟುತ್ತದೆ. ಅರ್ಧ ಗಂಟೆ ಆಚೀಚೆ ಆದರೆ ಏನಂತೆ ಎನ್ನುವ ಮಾತು ಈ ರೋಗಿಯ ಮಟ್ಟಿಗೆ ಸುಳ್ಳು.

ಹೀಗೆ ಇಡೀ ಕೇಂದ್ರವನ್ನೇ ಒಂದು ಘಟಕವಾಗಿ ಹಿಡಿದು ಮಾಡಿದ ಎರಡು ದೊಡ್ಡ ಅಧ್ಯಯನಗಳು ನಮಗೆ ಪಾಠವಾಗಬೇಕು. ಅಮೆರಿಕದ ಟೈಮ್ ಟ್ರಯಲ್‌ನಲ್ಲಿ 266 ಕೇಂದ್ರಗಳು, 7,035 ರೋಗಿಗಳು. ಒಂದು ಕಡೆಯ ಕೇಂದ್ರಗಳಲ್ಲಿ ಸರದಿಯನ್ನು ಕನಿಷ್ಠ 255 ನಿಮಿಷಕ್ಕೆ ಏರಿಸಬೇಕು, ಇನ್ನೊಂದು ಕಡೆ ಎಂದಿನಂತೆ ಇರಬೇಕು. ಪ್ರತ್ಯೇಕ ಸಹಿ ಪಡೆಯಲಿಲ್ಲ; ಮಾಹಿತಿ ಪತ್ರ ಕೊಟ್ಟು, ಬೇಡವೆಂದವರು ತಿಳಿಸಬಹುದು ಎಂಬ ವ್ಯವಸ್ಥೆ ಇತ್ತು. ಕೊನೆಗೆ ಸರಾಸರಿ ಸರದಿ ಒಂದು ಕಡೆ 216 ನಿಮಿಷ, ಇನ್ನೊಂದು ಕಡೆ 207. ಒಂಬತ್ತು ನಿಮಿಷದ ವ್ಯತ್ಯಾಸದಲ್ಲಿ ಏನು ಗೊತ್ತಾದೀತು? ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇದಕ್ಕೆ ಕಾರಣ ಹಲವು ಇರಬಹುದು. ಆದರೆ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಬೇಕಾದವರನ್ನೇ ಮೊದಲು ಕೇಳಿ, ಯಾಕೆ ಕೂರಬೇಕೆಂದು ಹೇಳಿ, ಅವರ ಮನಸ್ಸು ಪಡೆಯದೆ ಹೋದರೆ ಸಮಯ ಏರುವುದಿಲ್ಲ ಎಂಬುದು ಡಯಾಲಿಸಿಸ್ ವಾರ್ಡಿನಲ್ಲಿ ಒಂದು ವಾರ ನಿಂತವರಿಗೂ ಗೊತ್ತಾಗುತ್ತದೆ. ಒಪ್ಪಿಗೆ ತಪ್ಪಿಸಿದರೆ ಅಧ್ಯಯನ ಸಲೀಸು ಎಂಬ ಲೆಕ್ಕ ಇಲ್ಲಿ ಕೈಕೊಟ್ಟಿತು.

ಕೆನಡಾದ ಆಂಟೇರಿಯೊದಲ್ಲಿ 2017ರಿಂದ 2021ರವರೆಗೆ ನಡೆದ ಮೈಟೆಂಪ್ ಇನ್ನೂ ದೊಡ್ಡದು: 84 ಕೇಂದ್ರ, 15,413 ರೋಗಿಗಳು. ದ್ರಾವಣವನ್ನು ರೋಗಿಯ ಮೈಬಿಸಿಗಿಂತ ತುಸು ತಣ್ಣಗೆ ಇಟ್ಟರೆ ಹೃದಯಕ್ಕೆ ರಕ್ಷಣೆ ಎಂಬ ನಂಬಿಕೆ ಬಲವಾಗಿ ಹಬ್ಬಿತ್ತು. ತಣ್ಣಗಿಟ್ಟ ಕೇಂದ್ರಗಳಲ್ಲಿ ಸರಾಸರಿ 35.8 ಡಿಗ್ರಿ, ಉಳಿದವುಗಳಲ್ಲಿ 36.4. ಹೃದಯದ ಕಾರಣಕ್ಕೆ ಸಾವು ಅಥವಾ ಆಸ್ಪತ್ರೆಗೆ ದಾಖಲು ಒಂದು ಕಡೆ ನೂರಕ್ಕೆ 21.4, ಇನ್ನೊಂದು ಕಡೆ 22.4, ಗಣನೀಯ ವ್ಯತ್ಯಾಸವಿಲ್ಲ. ಚಳಿಯಿಂದ ಕಷ್ಟವಾಯಿತು ಎಂದವರು ಮಾತ್ರ ತಣ್ಣನೆಯ ಗುಂಪಿನಲ್ಲಿ ಹೆಚ್ಚು. ಅದು ಒಳ್ಳೆಯ ಅಧ್ಯಯನ, ಬೇಕಾಗಿದ್ದ ಅಧ್ಯಯನ. ಆದರೂ ಅಲ್ಲಿಯೂ ಪ್ರತಿಯೊಬ್ಬರ ಸಹಿ ಪಡೆದಿರಲಿಲ್ಲ. ನಡುಗುತ್ತಾ ಕಂಬಳಿ ಕೇಳಿದವರಿಗೆ ತಾವು ಒಂದು ಪ್ರಯೋಗದಲ್ಲಿದ್ದೇವೆ, ಈ ಚಳಿಗೆ ಅದು ಕಾರಣ, ಬೇಡ ಎನ್ನಬಹುದು ಎಂಬುದು ಚೆನ್ನಾಗಿ ತಿಳಿದಿರಬೇಕಿತ್ತು. ಸಾಯುವಷ್ಟು ಅಪಾಯ ಇರದಿದ್ದರೆ ಕೇಳುವುದೇ ಬೇಡ ಎಂದಾಗಬಾರದು.

ಕೇಂದ್ರದ ಮುಖ್ಯಸ್ಥರ ಅನುಮತಿಯ ವಿಚಾರಕ್ಕೆ ಬರೋಣ. ಹೀಗೆ ಇಡೀ ಗುಂಪನ್ನೇ ಒಂದು ಘಟಕವಾಗಿ ಹಿಡಿಯುವ ಸಮೂಹ ಅಧ್ಯಯನಗಳ ನೀತಿಯ ಬಗ್ಗೆ 2012ರಲ್ಲಿ ಹೊರಬಂದ ಒಟ್ಟಾವಾ ಹೇಳಿಕೆ ಇದನ್ನು ನೇರವಾಗಿ ಹೇಳಿದೆ: ಸಂಸ್ಥೆಯ ಬಾಗಿಲು ಕಾಯುವವರು, ಅಂದರೆ ಅದರ ಮುಖ್ಯಸ್ಥರು, ಸಂಸ್ಥೆಯ ಪರವಾಗಿ ಅನುಮತಿ ಕೊಡಬಹುದು, ಒಳಗಿರುವ ವ್ಯಕ್ತಿಗಳ ಪರವಾಗಿ ಒಪ್ಪಿಗೆ ಕೊಡುವಂತಿಲ್ಲ. ನಮ್ಮಲ್ಲಿ ಈ ಬಾಗಿಲು ಕಾಯುವವರು ಯಾರು ಎಂಬುದೇ ಗೊಂದಲ. ಕಟ್ಟಡ ಸರ್ಕಾರಿ ಆಸ್ಪತ್ರೆಯದು. ಎಷ್ಟೋ ಕಡೆ ಮಿಷನ್, ಟೆಕ್ನಿಷಿಯನ್ ಗುತ್ತಿಗೆ ಪಡೆದ ಸಂಸ್ಥೆಯವರು. ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್ ಬೇರೆ ಊರಿನಿಂದ ಬಂದು ಹೋಗುತ್ತಾರೆ. ಸರದಿಯ ಲೆಕ್ಕದ ಮೇಲೆ ಹಣ ಪಡೆಯುವ ಗುತ್ತಿಗೆದಾರರು ಸರದಿಯ ಅವಧಿ ಬದಲಿಸುವ ಅಧ್ಯಯನಕ್ಕೆ ಅನುಮತಿ ಕೊಡುತ್ತಾರೆ ಎಂದರೆ ಅಲ್ಲಿ ಅವರ ಸ್ವಂತ ಹಿತವೂ ಕೂತಿರುತ್ತದೆ. ಅರ್ಜಿಯೊಂದಿಗೆ ಗುತ್ತಿಗೆ ಒಪ್ಪಂದದ ಸಂಬಂಧಪಟ್ಟ ಪುಟಗಳನ್ನೂ, ಪ್ರತಿ ರೋಗಿಯ ಸೇರ್ಪಡೆಗೆ ಯಾರಿಗೆ ಎಷ್ಟು ಹಣ ಸಿಗುತ್ತದೆ ಎಂಬ ವಿವರವನ್ನೂ ತರಿಸಿಕೊಳ್ಳಿ.

ಪ್ರತಿಯೊಬ್ಬರನ್ನು ಕೇಳುವುದು ತಾಂತ್ರಿಕವಾಗಿ ಆಗದ ಕೆಲಸ, ಇಡೀ ಫ್ಲೋರಿಗೆ ಒಂದೇ ದ್ರಾವಣ ಬರುವುದಲ್ಲವೇ ಎಂಬ ವಾದ ಬರುತ್ತದೆ. ಇದನ್ನು ನಂಬುವ ಮೊದಲು ಯಾವ ಮಾದರಿಯ ಮಿಷನ್ ಇದೆ ಎಂದು ಕೇಳಿ. ಎಲ್ಲ ಮಿಷನ್‌ಗಳಿಗೂ ಒಂದೇ ಆಗಿ ಬರುವುದು ಆರ್‌.ಒ. ನೀರು. ಆ ನೀರಿಗೆ ಬೆರೆಸುವ ಲವಣಗಳ ಗಟ್ಟಿ ದ್ರವಗಳಾದ ಆಸಿಡ್ ಕಾನ್ಸಂಟ್ರೇಟ್ ಮತ್ತು ಬೈಕಾರ್ಬೊನೇಟ್ ಬಹುತೇಕ ಕಡೆ ಮಿಷನ್ನಿನ ಪಕ್ಕದಲ್ಲಿಟ್ಟ ಕ್ಯಾನಿನಿಂದ ಹೋಗುತ್ತವೆ, ಬೆರೆಸುವುದು ಮಿಷನ್. ಸೋಡಿಯಂ, ಉಷ್ಣಾಂಶ, ಸಮಯ ಮೂರನ್ನೂ ಇವತ್ತಿನ ಮಿಷನ್ನುಗಳಲ್ಲಿ ಸ್ಕ್ರೀನ್ ಮೇಲೆಯೇ ಒಬ್ಬೊಬ್ಬರಿಗೂ ಬೇರೆ ಬೇರೆ ಇಡಬಹುದು, ಒಂದು ನಿಮಿಷವೂ ಹಿಡಿಯುವುದಿಲ್ಲ. ಒಬ್ಬರು ಬೇಡ ಎಂದರೆ ಅವರದನ್ನು ಮೊದಲಿನಂತೆ ಇಡುವುದಕ್ಕೆ ಅಡ್ಡಿ ಏನು? ಸೋಡಿಯಂ ಅಂಕಿಯನ್ನು ಕೈಯಾರೆ ಇಳಿಸಿದಾಗ ಕಾನ್ಸಂಟ್ರೇಟ್ ಬೆರೆಯುವ ಪ್ರಮಾಣವೇ ಬದಲಾಗುವುದರಿಂದ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ಕೂದಲೆಳೆಯಷ್ಟು ಇಳಿಯುತ್ತವೆ ಎಂಬುದನ್ನು ಅರ್ಜಿ ಬರೆದವರು ಗಮನಿಸಿದ್ದಾರೆಯೇ ಎಂದೂ ಇದೇ ಹೊತ್ತಿನಲ್ಲಿ ಕೇಳಬಹುದು.

ಅಳತೆ ಸರಿ ಇಲ್ಲದ ಅಧ್ಯಯನ ನೀತಿಯ ದೃಷ್ಟಿಯಿಂದಲೂ ತಪ್ಪು. ಜನ ತೊಂದರೆ ಪಡುತ್ತಾರೆ, ಉತ್ತರ ಸಿಗುವುದಿಲ್ಲ. ಮಿಷನ್ನು ಸೋಡಿಯಂ ಅನ್ನು ನೇರವಾಗಿ ಅಳೆಯುವುದಿಲ್ಲ. ದ್ರಾವಣದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಅಂದಾಜು ಮಾಡುತ್ತದೆ. ಸಾಮಾನ್ಯವಾಗಿ ಆ ಕಂಡಕ್ಟಿವಿಟಿ 14ರ ಆಸುಪಾಸು ಇರುತ್ತದೆ. ಮೀಟರ್ 0.2ರಷ್ಟು ತಪ್ಪು ತೋರಿಸಿದರೆ ಸೋಡಿಯಂ ಸುಮಾರು 2 ಮಿಲಿಮೋಲ್ ಆಚೀಚೆ ಆಗುತ್ತದೆ. ಎರಡು ಗುಂಪುಗಳ ನಡುವಿನ ವ್ಯತ್ಯಾಸವೇ 3 ಇರುವಾಗ 2 ತಪ್ಪಿದರೆ ಉಳಿದದ್ದೇನು? ಆದ್ದರಿಂದ ಸೇರುವ ಪ್ರತಿ ಮಿಷನ್ನಿನ ಕ್ಯಾಲಿಬ್ರೇಷನ್ ದಾಖಲೆ, ತಿಂಗಳಿಗೊಮ್ಮೆ ದ್ರಾವಣದ ಮಾದರಿಯನ್ನು ಲ್ಯಾಬಿಗೆ ಕಳಿಸಿ ನೋಡಿದ ಫಲಿತಾಂಶ, ನೀರಿನ ಬ್ಯಾಕ್ಟೀರಿಯಾ ಮತ್ತು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ವರದಿ ಇಲ್ಲದೆ ಅರ್ಜಿಯನ್ನು ಮುಂದೆ ಬಿಡಬೇಡಿ. ಡಯಾಲೈಸರ್ (ರಕ್ತ ಸೋಸುವ ಫಿಲ್ಟರ್) ಮರುಬಳಕೆ ಇರುವ ಕೇಂದ್ರವಾದರೆ, ತೊಳೆದ ಮೇಲೆ ಅದರೊಳಗಿನ ನಾಳಗಳ ಒಳಗಾತ್ರ ಮೊದಲಿನ ನೂರಕ್ಕೆ 80ಕ್ಕಿಂತ ಇಳಿದದ್ದನ್ನು ಎಸೆಯುತ್ತಾರೆಯೇ ಎಂಬ ರಿಜಿಸ್ಟರನ್ನೂ ನೋಡಿ.

ಇನ್ನು ಒಪ್ಪಿಗೆ ಕೇಳುವ ರೀತಿ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿಯೇ.

ರೋಗಿ ನಾಲ್ಕು ಗಂಟೆ ಮಲಗಿಯೇ ಇರುತ್ತಾರೆ, ಆರಾಮಾಗಿ ಮಾತಾಡಬಹುದು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅದು ಅತ್ಯಂತ ಕೆಟ್ಟ ಹೊತ್ತು. ಕೈಯಲ್ಲಿ ಎರಡು ದಪ್ಪ ಸೂಜಿ, ರಕ್ತ ಹೊರಗೆ ಹರಿಯುತ್ತಿದೆ, ಬಿ.ಪಿ. ಏರಿಳಿಯುತ್ತಿದೆ. ಡಯಾಲಿಸಿಸ್ ನಡೆಯುವಾಗಲೇ ಗ್ರಹಿಕೆ, ನೆನಪು ಮಂಕಾಗುತ್ತವೆ ಎಂಬುದನ್ನು ಅಳೆದು ನೋಡಿದ ಅಧ್ಯಯನಗಳಿವೆ. ಎದ್ದು ಹೋಗಲು ಆಗದ ಮನುಷ್ಯನ ಮುಂದೆ ಕಾಗದ ಹಿಡಿಯುವುದೇ ತಪ್ಪು. ಮುಗಿದ ಮೇಲೆ ಕೇಳಿದರೆ ಸುಸ್ತು, ಬಸ್ಸಿನ ಆತುರ. ಸೋಮ, ಬುಧ, ಶುಕ್ರ ಬರುವವರನ್ನು ಸೋಮವಾರ ಬೆಳಿಗ್ಗೆ ಕೇಳುವುದೂ ಬೇಡ. ಶನಿವಾರ, ಭಾನುವಾರ ಡಯಾಲಿಸಿಸ್ ಇಲ್ಲದೆ ನೀರು, ಪೊಟ್ಯಾಸಿಯಂ ತುಂಬಿ ಬಂದ ದಿನ ಅದು. ಈ ಉದ್ದ ಅಂತರದ ಮರುದಿನವೇ ಸಾವು, ಹೃದಯದ ತೊಂದರೆ ಹೆಚ್ಚು ಎಂದು 2011ರಲ್ಲಿ ಅಮೆರಿಕದ ದೊಡ್ಡ ದಾಖಲೆಗಳಿಂದ ಗೊತ್ತಾಗಿದೆ. ವಾರಕ್ಕೆ ಎರಡೇ ಸಲ ಬರುವವರಿಗೆ ಪ್ರತಿ ಅಂತರವೂ ಉದ್ದವೇ.

ನಮ್ಮ ಸಲಹೆ ಇಷ್ಟು. ವಾರದ ನಡುವಿನ ಸರದಿಯ ದಿನ, ಸೂಜಿ ಹಾಕುವ ಮೊದಲು, ವಾರ್ಡಿನ ಹೊರಗೆ ಕುರ್ಚಿ ಹಾಕಿ ಕೂರಿಸಿ, ಜೊತೆಗೆ ಬಂದ ಮನೆಯವರ ಮುಂದೆ ವಿವರಿಸಬೇಕು. ಕಾಗದ ಮನೆಗೆ ಹೋಗಬೇಕು. ಒಂದು ವಾರ ಕಳೆದ ಮೇಲೆ ಸಹಿ. ವಿವರಿಸುವವರು ಸೂಜಿ ಹಾಕುವ ಟೆಕ್ನಿಷಿಯನ್ ಆಗಿರಬಾರದು, ಔಷಧ ಬರೆಯುವ ವೈದ್ಯರೂ ಆಗಿರಬಾರದು. ಯಾವ ಕೈ ನಾಳೆ ತನ್ನ ಫಿಸ್ಟುಲಾಗೆ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳಕ್ಕೆ) ಸೂಜಿ ಚುಚ್ಚಬೇಕೋ ಆ ಕೈ ಕಾಗದ ಕೊಟ್ಟರೆ ಯಾರು ಬೇಡ ಎನ್ನುತ್ತಾರೆ? "ನೀವು ಹೇಳಿದ್ ಮೇಲೆ ಇನ್ನೇನ್ ಸಾರ್, ಎಲ್ಲಿ ಹಾಕ್ಬೇಕು ಹೆಬ್ಬೆಟ್ಟು" ಎಂಬ ಉತ್ತರವನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿ ಮೊದಲಿಂದ ಕೊನೆಯವರೆಗೂ ಇರಬೇಕು ಎಂದು ನಿಯಮವೇ ಇದೆ. ಆ ಸಾಕ್ಷಿ ವಾರ್ಡಿನ ಆಯಾ ಆಗಬಾರದು.

ಕಾಗದ ಎರಡು ಪುಟ ದಾಟಬಾರದು. ಅದರ ಭಾಷೆ ಹೀಗಿದ್ದರೆ ಮಳವಳ್ಳಿಯವರಿಗೂ ಎಚ್.ಡಿ. ಕೋಟೆಯವರಿಗೂ ತಿಳಿಯುತ್ತದೆ: "ನಿಮ್ಮ ಮಿಷನ್ನಿನ ದ್ರಾವಣದಲ್ಲಿ ಉಪ್ಪಿನ ಅಂಶ ಕಡಿಮೆ ಮಾಡುತ್ತೇವೆ. ಬಾಯಾರಿಕೆ ಕಡಿಮೆ ಆಗಬಹುದು. ಬಿ.ಪಿ. ಬೀಳಬಹುದು, ಕಾಲು ಹಿಡಿಯಬಹುದು. ಯಾವುದು ಹೆಚ್ಚು ಎಂದು ನಮಗೂ ಗೊತ್ತಿಲ್ಲ. ಬೇಡ ಎಂದರೆ ಈಗಿನಂತೆಯೇ ಮುಂದುವರಿಯುತ್ತದೆ. ನಿಮ್ಮ ಷಿಫ್ಟ್, ನಿಮ್ಮ ಬೆಡ್, ನಿಮಗೆ ಸಿಗುತ್ತಿರುವ ಇಂಜೆಕ್ಷನ್ ಯಾವುದೂ ತಪ್ಪುವುದಿಲ್ಲ. ನಡುವೆ ಯಾವಾಗ ಬೇಕಾದರೂ ಬಿಡಬಹುದು." ಇದನ್ನು ಹೇಳಿದ ಮೇಲೆ ರೋಗಿಯೇ ತಿರುಗಿ ಹೇಳಲಿ: ಏನು ಬದಲಾಗುತ್ತದೆ, ಏನು ತೊಂದರೆ ಆಗಬಹುದು, ಬೇಡ ಎಂದರೆ ಏನಾಗುತ್ತದೆ. ಮೂರಕ್ಕೂ ಅವರ ಮಾತಿನಲ್ಲೇ ಉತ್ತರ ಬಂದರೆ ಮುಂದಿನ ಹೆಜ್ಜೆ. ಆಹಾರದ ಸೂಚನೆಗಳನ್ನೂ ನೋಡಿ. ಪೊಟ್ಯಾಸಿಯಂ ಬಗ್ಗೆ ಎಚ್ಚರಿಸುವ ಕಾಗದ ಕಿತ್ತಳೆ ರಸ, ಆಲೂಗಡ್ಡೆ ಎಂದು ಬರೆದು ಎಳನೀರನ್ನು ಮರೆತರೆ ಮದ್ದೂರು ಸೀಮೆಯಲ್ಲಿ ಅದರಿಂದ ಅಪಾಯವೇ. ಇಲ್ಲಿ ಸುಸ್ತಾದವರಿಗೆ ಮೊದಲು ಕೊಡುವುದೇ ಎಳನೀರು.

ಕೇವಲ ಹಳೆಯ ದಾಖಲೆಗಳನ್ನು, ಹೆಸರು ತೆಗೆದು, ಓದಿ ಲೆಕ್ಕ ಹಾಕುವ ಸಂಶೋಧನೆಗೆ ಇಷ್ಟೆಲ್ಲ ಬೇಕು ಎಂದು ನಾವು ಹೇಳುವುದಿಲ್ಲ. ಅಂಥವುಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ವಿನಾಯಿತಿಗೆ ದಾರಿ ಇದೆ, ಇರಬೇಕಾದ್ದೇ.

ಆ ಮಾರ್ಗಸೂಚಿಯ ಜೊತೆಗೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳನ್ನು ಇಟ್ಟು ನೋಡಿದರೆ ಒಂದು ಸಂದು ಕಾಣುತ್ತದೆ. ಹೊಸ ಔಷಧದ ಟ್ರಯಲ್ ಆದರೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕು. ಗಂಭೀರ ತೊಂದರೆ ಆದರೆ 24 ಗಂಟೆಯೊಳಗೆ ವರದಿ ಮಾಡಬೇಕು, ಪರಿಹಾರಕ್ಕೆ ಸೂತ್ರ ಇದೆ. ಮಿಷನ್ನಿನ ಸೋಡಿಯಂ, ಬಿಸಿ, ಸಮಯ ಬದಲಿಸುವುದು ಹೊಸ ಔಷಧವಲ್ಲ. ಅದು ಜೈವಿಕ ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಯ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಹಾನಿಗೆ ಪರಿಹಾರ ಕೊಡಬೇಕೆಂಬ ತತ್ವ ಇದೆ, ಎಷ್ಟು ಎಂಬ ಸೂತ್ರ ತಾನಾಗಿ ಅನ್ವಯಿಸುವುದಿಲ್ಲ. ಹಾಗಾಗಿ ಪ್ರತಿ ಅರ್ಜಿಗೂ ನೀವೇ ಷರತ್ತು ಹಾಕಬೇಕು: ವರದಿಯ ಗಡುವು, ಉಚಿತ ಚಿಕಿತ್ಸೆ, ಪರಿಹಾರ ಮೂರೂ 2019ರ ನಿಯಮಗಳ ಮಟ್ಟಕ್ಕಿಂತ ಕಡಿಮೆ ಇರಕೂಡದು, ವಿಮಾ ಪಾಲಿಸಿಯ ಪ್ರತಿ ಅರ್ಜಿಯ ಜೊತೆಗಿರಬೇಕು.

ಪರಿಹಾರದ ಸೂತ್ರದಲ್ಲೂ ಡಯಾಲಿಸಿಸ್‌ನವರಿಗೆ ಒಂದು ಹಳ್ಳ ಇದೆ. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸುತ್ತಾರೆ. 45 ವರ್ಷದವರ ವಯಸ್ಸಿನ ಅಂಶ 169.44. ಅಪಾಯದ ಅಂಶ ಆರೋಗ್ಯವಂತರಿಗೆ 4, ಮಧ್ಯಮ ಅಪಾಯದವರಿಗೆ 2, ಆರರಿಂದ 24 ತಿಂಗಳು ಬದುಕುವ ನಿರೀಕ್ಷೆ ಇರುವವರಿಗೆ 1, ಆರು ತಿಂಗಳೊಳಗಿನವರಿಗೆ 0.5. ಡಯಾಲಿಸಿಸ್ ರೋಗಿ ಎಂದ ಕೂಡಲೇ 0.5 ಹಾಕಿದರೆ ಸಾವಿಗೆ ಸಿಗುವುದು ಸುಮಾರು 6.82 ಲಕ್ಷ, 1 ಹಾಕಿದರೆ 13.64 ಲಕ್ಷ, 2 ಹಾಕಿದರೆ 27.28 ಲಕ್ಷ. ಹೊಲ ಗೇಯುತ್ತಾ, ಅಂಗಡಿ ನಡೆಸುತ್ತಾ ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕುವವರಿದ್ದಾರೆ. ಅವರನ್ನು ಸಾಯಲಿರುವವರ ಸಾಲಿಗೆ ಸೇರಿಸಲು ಕಾಯಿಲೆಯ ಹೆಸರೊಂದೇ ಆಧಾರವಾಗಬಾರದು. ಸೇರ್ಪಡೆಯ ದಿನವೇ, ಏನೂ ಆಗುವ ಮೊದಲೇ, ಪ್ರತಿಯೊಬ್ಬರ ಅಪಾಯದ ಅಂಶವನ್ನು ಅಧ್ಯಯನಕ್ಕೆ ಸಂಬಂಧವಿಲ್ಲದ ವೈದ್ಯರಿಂದ ಬರೆಸಿಟ್ಟರೆ ಆಮೇಲೆ ಎಳೆದಾಟ ಇರುವುದಿಲ್ಲ.

ಇದರ ಜೊತೆಗೇ ಬರುವುದು ಸಂಬಂಧ ಇಲ್ಲ ಎಂಬ ಷರಾ. ಡಯಾಲಿಸಿಸ್ ರೋಗಿಗಳು ಆಗಾಗ ಆಸ್ಪತ್ರೆ ಸೇರುತ್ತಾರೆ, ಸಾವೂ ಹೆಚ್ಚು. ಯಾವ ತೊಂದರೆ ಆದರೂ ಮೂಲ ಕಾಯಿಲೆಯದು ಎಂದು ಬರೆಯುವುದು ಸುಲಭ. ಮನೆಯಲ್ಲಿ ರಾತ್ರಿ ಸತ್ತವರ ವಿಷಯ ಕೇಂದ್ರಕ್ಕೆ ತಿಳಿಯುವುದು ಮುಂದಿನ ಸರದಿಗೆ ಬಾರದಿದ್ದಾಗ. ಒಂದೊಂದು ಸಾವನ್ನು ಒಂದೊಂದಾಗಿ ನೋಡಿದರೆ ಉತ್ತರ ಸಿಗುವುದಿಲ್ಲ, ಗುಂಪುಗಳನ್ನು ಹೋಲಿಸಿಯೇ ನೋಡಬೇಕು. ಅದಕ್ಕೆ ಸಂಶೋಧಕರಿಂದ ಹೊರತಾದ ಸುರಕ್ಷತಾ ಮಂಡಳಿ ಇರಬೇಕು. ಕೇಂದ್ರದ ಮಟ್ಟದಲ್ಲಿ ಇನ್ನೂ ಸರಳವಾದ ಒಂದು ಎಚ್ಚರಿಕೆ ಸಾಧ್ಯ: ಮೇಲಿನ ಬಿ.ಪಿ. 90ಕ್ಕಿಂತ ಇಳಿದು ಸಲೈನ್ ಕೊಡಬೇಕಾದ ಸರದಿಗಳನ್ನು ಅಧ್ಯಯನ ಶುರುವಾಗುವ ಮೊದಲಿನ ಮೂರು ತಿಂಗಳು ಎಣಿಸಿಡುವುದು. ಶುರುವಾದ ಮೇಲೆ ಯಾವ ತಿಂಗಳಲ್ಲಿ ಅದು ಇಮ್ಮಡಿಯಾದರೂ ಹೊಸ ಸೇರ್ಪಡೆ ನಿಲ್ಲಿಸಿ ನಿಮಗೆ ತಿಳಿಸುವುದು. ಸೆಷನ್ ಷೀಟಿನಲ್ಲಿ ಈ ಅಂಕಿಗಳು ಈಗಲೂ ಇವೆ, ಹೊಸ ಖರ್ಚಿಲ್ಲ.

ರಕ್ತದ ಮಾದರಿಯ ಬಗ್ಗೆ ಅರ್ಜಿಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ತಿಂಗಳಿಗೆ ಹೆಚ್ಚುವರಿ 20 ಮಿ.ಲೀ. ಎಂದರೆ ವರ್ಷಕ್ಕೆ 240 ಮಿ.ಲೀ. ಬ್ಲಡ್ ಬ್ಯಾಂಕಿನ 350 ಮಿ.ಲೀ. ಚೀಲದ ಮೂರನೇ ಎರಡು ಭಾಗ. ಹಿಮೋಗ್ಲೋಬಿನ್ 8 ಇರುವವರಿಗೆ ಇದು ಸಣ್ಣ ಮಾತಲ್ಲ. ರಕ್ತ ಕೊಡಿಸಬೇಕಾಗಿ ಬಂದರೆ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದೆ ಹೊಂದುವ ಕಿಡ್ನಿ ಸಿಗುವುದೇ ಕಷ್ಟವಾಗಬಹುದು. ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿರುವವರ ವಿಷಯದಲ್ಲಿ ಇದನ್ನು ಬೇರೆಯಾಗಿಯೇ ಕೇಳಿ.

ಹೋಲಿಕೆಯ ಗುಂಪಿಗೆ ಏನು ಕೊಡುತ್ತಾರೆ ಎಂಬುದರ ಮೇಲೆ ಇನ್ನಷ್ಟು ಹೊತ್ತು ಚರ್ಚೆ ಆಗಬೇಕು. ಎಂದಿನ ಚಿಕಿತ್ಸೆ ಎಂದು ಬರೆದಿರುತ್ತಾರೆ. ಎಂದಿನ ಚಿಕಿತ್ಸೆಯೇ ಸಾಲದಿದ್ದರೆ? ಎರಡು ಸರದಿ ಮತ್ತು ಮೂರು ಸರದಿಯನ್ನು ಹೋಲಿಸುವ ಅಧ್ಯಯನ ನಮ್ಮಲ್ಲಿ ನಡೆಯಲಿ ಎಂದು ನಾವೇ ಹೇಳುತ್ತೇವೆ. ಆದರೆ ಈಗ ಮೂರು ಪಡೆಯುತ್ತಿರುವ ಒಬ್ಬರನ್ನೂ ಅಧ್ಯಯನಕ್ಕಾಗಿ ಎರಡಕ್ಕೆ ಇಳಿಸುವಂತಿಲ್ಲ. ಮೂತ್ರ ಇನ್ನೂ ಸ್ವಲ್ಪ ಬರುತ್ತಿರುವವರು, ಪೂರ್ತಿ ನಿಂತವರು ಬೇರೆ ಬೇರೆ ಲೆಕ್ಕ. 24 ಗಂಟೆಯ ಮೂತ್ರ ಅಳೆಯದೆ ಯಾರನ್ನೂ ಎರಡು ಸರದಿಯ ಗುಂಪಿಗೆ ಹಾಕಬಾರದು. ವಾರಕ್ಕೆ ಮೂರು ಸರದಿಯವರಲ್ಲಿ ಪ್ರತಿ ಸರದಿಯ ಕೆಟಿ/ವಿ (ರಕ್ತ ಎಷ್ಟು ಶುದ್ಧವಾಯಿತು ಎಂಬ ಅಳತೆ) ಕನಿಷ್ಠ 1.2 ಮುಟ್ಟುತ್ತಿದೆಯೇ ಎಂದು ಎರಡೂ ಗುಂಪಿನಲ್ಲಿ ತಿಂಗಳಿಗೊಮ್ಮೆ ನೋಡಬೇಕು. ಮುಟ್ಟದವರಿಗೆ ಸರಿಪಡಿಸುವ ಖರ್ಚು ಅಧ್ಯಯನದ್ದು.

ಉಚಿತವಾಗಿ ಮೂರನೆಯ ಸರದಿ, ಎರಿಥ್ರೋಪೊಯೆಟಿನ್, ಐರನ್ ಸುಕ್ರೋಸ್ ಕೊಡುತ್ತೇವೆ ಎಂದರೆ ಬಡವರು ಕಾಗದ ಓದದೆ ಸೇರುತ್ತಾರೆ. ಕೊಡುವುದು ತಪ್ಪಲ್ಲ. ಅಧ್ಯಯನ ಮುಗಿದ ದಿನ ಅದು ನಿಂತುಹೋದರೆ ಆಗುವುದನ್ನು ಯೋಚಿಸಿ: ಎರಡು ವರ್ಷ ಮೂರು ಸರದಿಗೆ ಹೊಂದಿಕೊಂಡು, ಅಷ್ಟರಲ್ಲಿ ಉಳಿದಿದ್ದ ಮೂತ್ರವೂ ನಿಂತ ದೇಹವನ್ನು ಮತ್ತೆ ಎರಡಕ್ಕೆ ತಳ್ಳಿದ ಹಾಗೆ. ಮುಗಿದ ಮೇಲೆ ಎಷ್ಟು ತಿಂಗಳು, ಯಾರ ಹಣದಲ್ಲಿ, ಯಾವ ಕೇಂದ್ರದಲ್ಲಿ ಮುಂದುವರಿಯುತ್ತದೆ ಎಂಬ ಲಿಖಿತ ಭರವಸೆ ಪ್ರಾಯೋಜಕರಿಂದಲೂ ಜಿಲ್ಲಾ ಆರೋಗ್ಯ ಇಲಾಖೆಯಿಂದಲೂ ಮೊದಲೇ ಬರಬೇಕು. ಯಾವ ಕ್ರಮ ಮೇಲು ಎಂದು ಗೊತ್ತಾದಾಗ ಅದನ್ನು ಇಲ್ಲಿ ಜಾರಿಗೆ ತರಲು ಆಗುತ್ತದೆಯೇ ಎಂಬುದೂ ಇದೇ ಪ್ರಶ್ನೆಯ ಭಾಗ. 2023ರಲ್ಲಿ ಬಂದ ಕನ್ವಿನ್ಸ್ ಅಧ್ಯಯನ ಯುರೋಪಿನ 1,360 ರೋಗಿಗಳನ್ನು ಒಬ್ಬೊಬ್ಬರಾಗಿ ಕೇಳಿ, ಒಪ್ಪಿಸಿ, ಹೆಚ್ಚು ದ್ರವ ಸೋಸಿ ರಕ್ತ ಶುದ್ಧಿಸುವ ಹಿಮೋಡಯಾಫಿಲ್ಟ್ರೇಷನ್‌ನಿಂದ ಸಾವು ನೂರಕ್ಕೆ 21.9ರಿಂದ 17.3ಕ್ಕೆ ಇಳಿಯಿತು ಎಂದು ತೋರಿಸಿತು. ಒಪ್ಪಿಗೆ ಪಡೆದೂ ಒಳ್ಳೆಯ ಉತ್ತರ ಪಡೆಯಬಹುದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ವಿಧಾನಕ್ಕೆ ಬೇಕಾದ ಅತಿ ಶುದ್ಧ ನೀರು ತಾಲೂಕು ಕೇಂದ್ರಗಳ ಈಗಿನ ಪ್ಲಾಂಟಿನಿಂದ ಸಿಗುವುದು ಕಷ್ಟ. ಇಲ್ಲಿ ಕೊಡಲಾಗದ ಚಿಕಿತ್ಸೆಯನ್ನು ಇಲ್ಲಿಯವರ ಮೇಲೆ ಪರೀಕ್ಷಿಸುವವರಿಗೆ ಪ್ಲಾಂಟ್ ಬಿಟ್ಟು ಹೋಗುತ್ತೀರಾ ಎಂದು ಕೇಳುವುದು ನ್ಯಾಯ.

ಸರದಿ ತಪ್ಪಿದವರನ್ನು ಕೈಬಿಡುವ ನಿಯಮಗಳನ್ನೂ ಗಮನಿಸಿ. ಕಬ್ಬಿನ ಕಟಾವು, ಮನೆಯಲ್ಲಿ ಸಾವು, ಜಂಬೂಸವಾರಿಯ ದಿನ ಮೈಸೂರಿನ ರಸ್ತೆಗಳು ಮುಚ್ಚುವುದು, ಇವುಗಳಿಗೆ ಸರದಿ ತಪ್ಪಿಸಿಕೊಂಡವರೇ ನಿಜವಾದ ಅಪಾಯದಲ್ಲಿರುವವರು. ಅವರನ್ನು ಲೆಕ್ಕದಿಂದ ತೆಗೆದರೆ ಅಧ್ಯಯನ ಚೆಂದ ಕಾಣುತ್ತದೆ, ಉತ್ತರ ಸುಳ್ಳಾಗುತ್ತದೆ.

ನಿಯಮದ ಪ್ರಕಾರ ನಿಮ್ಮ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಹೊರಗಿನವರು, ಅವರಲ್ಲೊಬ್ಬ ಸಾಮಾನ್ಯ ಸದಸ್ಯರು ಇರುತ್ತಾರೆ. ಡಯಾಲಿಸಿಸ್ ಅರ್ಜಿ ಬಂದ ದಿನ ಇನ್ನಿಬ್ಬರನ್ನು ಕರೆಸಿಕೊಳ್ಳಿ ಎಂದು ಕೋರುತ್ತೇವೆ: ಆ ಅಧ್ಯಯನ ನಡೆಯದ ಬೇರೆ ಕೇಂದ್ರದಲ್ಲಿ ಡಯಾಲಿಸಿಸ್ ಪಡೆಯುತ್ತಿರುವ ಒಬ್ಬರು, ಮತ್ತು ಒಬ್ಬ ಹಿರಿಯ ಟೆಕ್ನಿಷಿಯನ್. ಸಭೆ ಅವರ ಸರದಿ ಇಲ್ಲದ ದಿನ ಇರಲಿ, ಬಸ್ ಖರ್ಚು ಮತ್ತು ಆ ದಿನದ ಕೂಲಿ ಸಮಿತಿಯೇ ಕೊಡಲಿ. ಈಗಾಗಲೇ ವಿನಾಯಿತಿ ಕೊಟ್ಟು ನಡೆಯುತ್ತಿರುವ ಅಧ್ಯಯನಗಳಿದ್ದರೆ, ಅವುಗಳ ಹೆಸರು, ಸಿಟಿಆರ್‌ಐ (ದೇಶದ ಟ್ರಯಲ್ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ, ಏನು ಬದಲಾಗಿದೆ, ಬೇಡವೆಂದರೆ ಯಾರಿಗೆ ಹೇಳಬೇಕು ಎಂಬುದನ್ನು ಕನ್ನಡದಲ್ಲಿ ಬರೆಸಿ, ತೂಕ ನೋಡುವ ಮಿಷನ್ನಿನ ಎದುರಿನ ಗೋಡೆಗೆ ಅಂಟಿಸಲು ಆಯಾ ಕೇಂದ್ರಗಳಿಗೆ ಈ ತಿಂಗಳೊಳಗೆ ಸೂಚನೆ ಕೊಡಿ. ಸರದಿಗೆ ಮುಂಚೆ ಪ್ರತಿಯೊಬ್ಬರೂ ಅಲ್ಲಿ ನಿಲ್ಲುತ್ತಾರೆ.

ಇತಿ,
ಮೈಸೂರು ಮತ್ತು ಮಂಡ್ಯ ಭಾಗದ ಡಯಾಲಿಸಿಸ್ ವಿಭಾಗಗಳಲ್ಲಿ ಕೆಲಸ ಮಾಡುವ ಕೆಲವು ವೈದ್ಯರು, ದಾದಿಯರು ಮತ್ತು ಟೆಕ್ನಿಷಿಯನ್‌ಗಳು